ನಲವತ್ತೊಂದು ದಿನದ ಗೈರುಹಾಜರಿ

ಪ್ರೆಸ್ಸಮ್ಮ ಅಂದರೆ ಪತ್ರಿಕೆಯಲ್ಲಿ ಬರೆಯುವವಳು ಎಂದುಕೊಂಡು ಬೇಸ್ತುಬಿದ್ದವರಿದ್ದಾರೆ. ರಬ್ಬರ್ ಕಾರ್ಖಾನೆಯ ಒಂಬತ್ತನೇ ಪ್ರೆಸ್ಸನ್ನು ಇಪ್ಪತ್ತಾರು ವರ್ಷ ಓಡಿಸಿದ್ದಕ್ಕೆ ಅಂಟಿಕೊಂಡ ಹೆಸರು ಅದು. ಈಗ ಮನೆಗೆ ಹಾಲು ಹಾಕುವವನೂ ಹಾಗೆಯೇ ಕೂಗುತ್ತಾನೆ. ನೀರಿನ ಪೈಪುಗಳ ಜೋಡಣೆಗೆ ಬೇಕಾಗುವ ರಬ್ಬರ್ ಉಂಗುರಗಳು ಆ ಪ್ರೆಸ್ಸಿನಲ್ಲಿ ತಯಾರಾಗುತ್ತವೆ. ಕಾದ ಅಚ್ಚಿನೊಳಗೆ ಹಸಿ ರಬ್ಬರಿನ ತುಂಡು ಇಟ್ಟು, ಅದುಮಿ, ಬೇಯಿಸಿ, ಬಿಸಿ ಆರುವ ಮೊದಲೇ ಒಂದೊಂದನ್ನೂ ಬೆರಳ ತುದಿಯಿಂದ ಸುಲಿದು ತೆಗೆಯಬೇಕು. ಕೈಗವಸು ಹಾಕಿಕೊಂಡರೆ ಅಂಚು ಸಿಗುವುದಿಲ್ಲ. ಹಾಗೆ ಸುಲಿದೂ ಸುಲಿದೂ ಅವಳ ಬೆರಳ ತುದಿಗಳು ಉಜ್ಜಿಟ್ಟ ತಟ್ಟೆಯ ತಳದ ಹಾಗೆ ನುಣ್ಣಗಾಗಿದ್ದವು.

ಆ ಬೆರಳುಗಳನ್ನು ಹೊಸ ಯಂತ್ರ ಒಪ್ಪಲಿಲ್ಲ. ಕಾರ್ಖಾನೆಯನ್ನೆಲ್ಲ ಕಂಪ್ಯೂಟರಿಗೆ ಹಾಕುತ್ತೇವೆಂದು ಮ್ಯಾನೇಜರ್ ಪ್ರತಿ ಪ್ರೆಸ್ಸಿಗೂ ಅಂಗೈಯಗಲದ ಒಂದು ಪರದೆ ತಗುಲಿಸಿದ್ದ. ಬೆಳಿಗ್ಗೆ ಬಂದವರು ಅದರ ಗಾಜಿನ ಮೇಲೆ ಬೆರಳಿಟ್ಟರೆ ಹಾಜರಿ ಬೀಳುತ್ತದೆ, ಪ್ರೆಸ್ ಚಾಲೂ ಆಗುತ್ತದೆ, ಆ ದಿನ ಬಂದ ಉಂಗುರಗಳೆಲ್ಲ ಆ ಬೆರಳಿನವರ ಲೆಕ್ಕಕ್ಕೆ ಸೇರುತ್ತವೆ. ಪ್ರೆಸ್ಸಮ್ಮ ಹತ್ತು ಬೆರಳನ್ನೂ ಇಟ್ಟು ನೋಡಿದಳು. ಒರೆಸಿ ಇಟ್ಟಳು, ಒದ್ದೆ ಮಾಡಿ ಇಟ್ಟಳು. ಪ್ರತಿ ಸಲವೂ ‘ಗುರುತು ಸಿಗಲಿಲ್ಲ’ ಎಂದು ಕೆಂಪು ಅಕ್ಷರ ಬಂತು. ಇನ್ನು ಕಾಲಿನ ಬೆರಳೇ ಉಳಿದಿರೋದು, ಅದನ್ನೂ ಇಡಲೇ ಎಂದು ಅವಳು ಕೇಳಿದ್ದಕ್ಕೆ ಅಕ್ಕಪಕ್ಕದ ಪ್ರೆಸ್ಸಿನವರೆಲ್ಲ ನಕ್ಕರು.

ಮೇಸ್ತ್ರಿ ಮಾತ್ರ ನಗಲಿಲ್ಲ. ಪ್ರೆಸ್ ನಿಂತಷ್ಟು ಹೊತ್ತೂ ಮೇಲಿನವರು ಅವನ ತಲೆ ತಿನ್ನುತ್ತಿದ್ದರು. ಪ್ರೆಸ್ಸಮ್ಮನ ಸೊಸೆ ಅದೇ ಕಾರ್ಖಾನೆಯ ಮೇಲಿನ ಕೋಣೆಯಲ್ಲಿ ಈ ಪರದೆಗಳನ್ನು ನೋಡಿಕೊಳ್ಳುವ ಕೆಲಸಕ್ಕಿದ್ದಳು. ಪರೀಕ್ಷೆಗೆಂದು ಅವಳ ಬೆರಳಿಗೂ ಮೇಸ್ತ್ರಿಯ ಬೆರಳಿಗೂ ಎಲ್ಲ ಪ್ರೆಸ್ಸುಗಳೂ ಚಾಲೂ ಆಗುವಂತೆ ಮಾಡಿದ್ದರು. ಮೇಸ್ತ್ರಿ ಅವಳನ್ನು ಕೆಳಗೆ ಕರೆದು, ದಿನಾ ಬೆಳಿಗ್ಗೆ ಅತ್ತೆಯ ಪ್ರೆಸ್ಸಿಗೆ ನೀನೇ ಒಂದು ಬೆರಳಿಟ್ಟು ಹೋಗು, ಆಮೇಲೆ ಸರಿಮಾಡಿಸೋಣ ಎಂದ. ‘ಆಮೇಲೆ’ ಅನ್ನುವುದು ಅವನ ಬಾಯಲ್ಲಿ ಹುಟ್ಟಿ ಅಲ್ಲೇ ಸಾಯುತ್ತಿದ್ದ ಮಾತು. ಮೊದಲ ಎರಡು ತಿಂಗಳು ಹಳೆಯ ಹಾಜರಿ ಪುಸ್ತಕ ನೋಡಿಯೇ ಸಂಬಳ ಎಂದಿದ್ದರಿಂದ ಅತ್ತೆ ಸೊಸೆ ಇಬ್ಬರೂ ಇದನ್ನು ಅಷ್ಟಾಗಿ ತಲೆಗೆ ಹಚ್ಚಿಕೊಳ್ಳಲಿಲ್ಲ.

ಅವರ ಮನೆಯಲ್ಲಿ ನಾಲ್ಕು ಜನ. ಪ್ರೆಸ್ಸಮ್ಮನ ಗಂಡ ದರ್ಜಿ, ಮುಂಬಾಗಿಲ ಕೋಣೆಯಲ್ಲೇ ಅವನ ಹೊಲಿಗೆ ಯಂತ್ರ. ಮನೆಯಲ್ಲೇ ಇರುವವನೆಂದು ಬೆಳಗಿನ ಅಡುಗೆ ಅವನ ಪಾಲಿಗೆ ಬಂದಿತ್ತು, ಅವನು ಸೊಪ್ಪು ಹೆಚ್ಚಿದರೆ ಅದರಲ್ಲಿ ಎಲ್ಲೋ ಒಂದು ದಾರದ ತುಂಡು ಇದ್ದೇ ಇರುತ್ತಿತ್ತು. ಮಗ ಶಾಲೆಯ ವ್ಯಾನ್ ಓಡಿಸುತ್ತಿದ್ದ, ಸಂಜೆ ಪಾತ್ರೆ ತೊಳೆಯುತ್ತಿದ್ದ, ತೊಳೆದದ್ದನ್ನು ಎಲ್ಲರಿಗೂ ಕೇಳುವಂತೆ ಜೋಡಿಸುತ್ತಿದ್ದ. ರಾತ್ರಿಯ ಅಡುಗೆ ಹೆಂಗಸರಿಬ್ಬರದು. ಈ ಮನೆಯಲ್ಲಿ ಅಲ್ಲಿಯವರೆಗೆ ಜಗಳ ಇರಲಿಲ್ಲ ಅಂತೇನಿಲ್ಲ, ಆದರೆ ಅದು ಊಟದ ಹೊತ್ತಿಗೆ ಮುಗಿಯುತ್ತಿತ್ತು.

ಮೂರನೇ ವಾರದಲ್ಲಿ ಒಂದು ಸಂಜೆ ಸೊಸೆ ಈರುಳ್ಳಿ ಸುಲಿಯುತ್ತಾ ಒಂದು ಪ್ರಶ್ನೆ ಕೇಳಿದಳು. ಮಂಗಳವಾರ ಅತ್ತೆ ಪ್ರತಿ ಸುತ್ತಿನಲ್ಲೂ ಮೂರು ಸಲ ಪ್ರೆಸ್ಸನ್ನು ಕೂದಲೆಳೆಯಷ್ಟು ತೆರೆದು ಮುಚ್ಚಿದ್ದಾರೆ, ಬುಧವಾರ ಎರಡೇ ಸಲ. ಪರದೆಯಲ್ಲಿ ಹಾಗೆ ಬಂದಿದೆ. ಯಾಕೆ?

ಪ್ರೆಸ್ಸಮ್ಮನ ಕೈಯ ಸೌಟು ನಿಂತಿತು. ಇಪ್ಪತ್ತಾರು ವರ್ಷದಲ್ಲಿ ಇದನ್ನು ಕೇಳಿದವರು ಒಬ್ಬರೂ ಇರಲಿಲ್ಲ.

“ಅದಕ್ಕೆ ಉಸಿರು ಬಿಡಿಸೋದು ಅಂತೀವಿ,” ಎಂದಳು. “ಒಳಗೆ ಗಾಳಿ ಸಿಕ್ಕಿಹಾಕ್ಕೊಂಡಿರತ್ತೆ. ಬಿಡದೆ ಬೇಯಿಸಿದ್ರೆ ಉಂಗುರದಲ್ಲಿ ಗುಳ್ಳೆ ಏಳತ್ತೆ, ಪೈಪಿಗೆ ಹಾಕಿದ ತಿಂಗಳಿಗೆ ಸೀಳತ್ತೆ. ಮಂಗಳವಾರ ಮೋಡ ಇತ್ತಲ್ಲ, ರಬ್ಬರ್ ತೇವ ಎಳಕೊಂಡಿತ್ತು. ಅದಕ್ಕೆ ಇನ್ನೊಂದು ಸಲ.”

“ಎಷ್ಟು ಹೊತ್ತಿಗೆ ತೆರೀಬೇಕು ಅಂತ ಹೇಗೆ ಗೊತ್ತಾಗತ್ತೆ ಅತ್ತೆ?”

“ವಾಸನೆ ತಿರುಗತ್ತೆ. ಸುಟ್ಟ ಸಕ್ಕರೆ ವಾಸನೆ ಬರೋಕೆ ಸ್ವಲ್ಪ ಮುಂಚೆ.”

ಆಮೇಲೆ ಅದು ದಿನದ ಮಾತಾಯಿತು. ಹೊಸ ರಬ್ಬರಿಗೆ ಎಷ್ಟು, ವಾರ ಇಟ್ಟ ರಬ್ಬರಿಗೆ ಎಷ್ಟು, ಅಚ್ಚಿನ ಎಡಮೂಲೆ ಯಾಕೆ ಬೇಗ ಕಾಯುತ್ತದೆ, ಉಗುರು ಒತ್ತಿ ಬೆಂದದ್ದನ್ನು ತಿಳಿಯುವುದು ಹೇಗೆ. ಪ್ರೆಸ್ಸಮ್ಮ ಹೇಳಿದ್ದೇ ಹೇಳಿದ್ದು. ಗಂಡ ಎರಡು ಸಲ, ಅನ್ನ ಸೀಯುತ್ತಿದೆ, ಅದರ ವಾಸನೆ ತಿರುಗಿದ್ದು ನಿನಗೆ ಗೊತ್ತಾಗಲಿಲ್ಲವೇ ಎಂದು ರೇಗಿಸಿದ. ಸೊಸೆ ಎಲ್ಲವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಅತ್ತೆಗೆ ಅದೂ ಹೆಮ್ಮೆಯೇ ಆಯಿತು.

ಆರನೇ ವಾರದ ಸೋಮವಾರ ಕಾರ್ಖಾನೆಯ ಬಾಗಿಲ ಒಳಗೆ, ಕೈಚೀಲ ತಪಾಸಣೆ ಮಾಡುವ ಜಾಗದ ಮೇಲೆ, ಹೊಸದಾಗಿ ಒಂದು ದೊಡ್ಡ ಪರದೆ ಬಂದಿತ್ತು. ಅದರಲ್ಲಿ ಸೊಸೆಯ ಫೋಟೋ. ಕೆಳಗೆ ‘ಒಂಬತ್ತನೇ ಪ್ರೆಸ್, ಅತಿ ಕಡಿಮೆ ಹಾಳು, ಅತ್ಯುತ್ತಮ ಕೆಲಸಗಾರ್ತಿ’ ಎಂದು ದಪ್ಪ ಅಕ್ಷರ. ಅದರ ಕೆಳಗೆ, ಈ ಕೆಲಸಗಾರ್ತಿಯ ಕ್ರಮವನ್ನು ಹನ್ನೆರಡು ಪ್ರೆಸ್ಸುಗಳಿಗೂ ಅಳವಡಿಸಲಾಗುವುದು, ಅವರೇ ಮುಂದೆ ತರಬೇತುದಾರರು ಎಂದಿತ್ತು. ಪ್ರೆಸ್ಸಮ್ಮ ಎರಡು ಸಲ ಓದಿದಳು. ಹಿಂದಿನವರು ತಳ್ಳಿದ್ದಕ್ಕೆ ಮುಂದೆ ಹೋದಳು. ಹತ್ತನೇ ಪ್ರೆಸ್ಸಿನವಳು ಹತ್ತಿರ ಬಂದು, ನಿಮ್ಮ ಸೊಸೆ ಯಾವಾಗ ಪ್ರೆಸ್ ಕಲಿತಳು ಎಂದು ಕೇಳಿದಳು. ಅವಳು ಕುಹಕಕ್ಕೆ ಕೇಳಿದಳೋ ನಿಜವಾಗಿ ಕೇಳಿದಳೋ, ಪ್ರೆಸ್ಸಮ್ಮನಿಗೆ ಮೈಯೆಲ್ಲ ಉರಿಯಿತು. ಆ ದಿನ ಬೆರಳಿಡಲು ಬಂದ ಸೊಸೆಯ ಮುಖವನ್ನು ಅವಳು ನೋಡಲಿಲ್ಲ.

ಸಂಜೆ ಅಡುಗೆಮನೆಯಲ್ಲಿ ಪ್ರೆಸ್ಸಮ್ಮ ಚಾಕು ಕೆಳಗಿಟ್ಟು ನೇರವಾಗಿ ಕೇಳಿದಳು.

“ನಾನು ಹೇಳಿದ್ದನ್ನ ಬರಕೊಂಡೆ, ಸರಿ. ಅದರ ಕೆಳಗೆ ಯಾರ ಹೆಸರು ಹಾಕ್ದೆ?”

ಸೊಸೆ ಗೋಡೆಗೆ ಒರಗಿ ನಿಂತಳು. ಹೆಸರು ತಾನು ಹಾಕಲಿಲ್ಲ, ಯಂತ್ರವೇ ಹಾಕಿದೆ, ಬೆರಳು ತನ್ನದಲ್ಲವೇ ಎಂದಳು. ಪರದೆಯನ್ನಷ್ಟೇ ನೋಡುವ ಮ್ಯಾನೇಜರ್ ಕರೆದು ಹೊಗಳಿ, ಕ್ರಮವನ್ನು ಬರೆದುಕೊಡು ಎಂದಾಗ ಹೇಳಿಬಿಡಬೇಕು ಅಂತ ಬಾಯಿ ತೆರೆದಳಂತೆ. ಒಬ್ಬರ ಬದಲು ಇನ್ನೊಬ್ಬರು ಬೆರಳಿಟ್ಟರೆ ಇಬ್ಬರನ್ನೂ ಮನೆಗೆ ಕಳಿಸುತ್ತಾರೆಂದು ಅವನ ಹಿಂದಿನ ಗೋಡೆಯ ಮೇಲೇ ಬರೆದಿತ್ತಂತೆ. ನೋಟ್‌ಬುಕ್ಕಿನಲ್ಲಿದ್ದದ್ದನ್ನು ಬರೆದುಕೊಟ್ಟು ಬಂದಳಂತೆ.

“ಆಮೇಲೆ ಇನ್ನೊಂದು ಮಾತು ಅತ್ತೆ,” ಎಂದಳು, ದನಿ ಗಟ್ಟಿ ಮಾಡಿ. “ಆ ಕೋಣೆಯಲ್ಲಿ ಮೂರು ವರ್ಷದಿಂದ ನನಗೆ ಚಹಾ ತರೋಕೆ ಹೇಳ್ತಾರೆ. ನೀವು ಮಾಡೋದನ್ನ ಇಪ್ಪತ್ತಾರು ವರ್ಷ ಯಾರಾದ್ರೂ ಕೇಳಿದ್ರಾ? ನಾನು ಕೇಳ್ದೆ. ನಾನು ಬರಕೊಂಡೆ. ಅದೂ ಕೆಲಸಾನೇ.”

“ಹೌದು, ಕೆಲಸಾನೇ. ಅದು ನಿನ್ನದು. ಪ್ರೆಸ್ ನನ್ನದು.”

ಮಗ ಪಾತ್ರೆ ಬಿಟ್ಟು ಒದ್ದೆ ಕೈಯಲ್ಲೇ ನಡುವೆ ಬಂದ. ಅವನಿಗೆ ಇದರಲ್ಲಿ ಜಗಳಕ್ಕೆ ಏನಿದೆ ಎಂದೇ ಅರ್ಥವಾಗಲಿಲ್ಲ. ಯಾರ ಹೆಸರಿಗೆ ಬಂದರೇನು, ಬರುವುದು ಒಂದೇ ಮನೆಗೆ. ಅಮ್ಮನಿಗೆ ಇನ್ನೆಷ್ಟು ವರ್ಷ ಆ ಬಿಸಿಯಲ್ಲಿ ನಿಲ್ಲುವ ಹಣೆಬರಹ? ಹೆಂಡತಿಗೆ ತರಬೇತುದಾರಳ ಕೆಲಸ ಸಿಕ್ಕರೆ ಅಮ್ಮ ಹಾಯಾಗಿ ಮನೆಯಲ್ಲಿರಬಹುದು.

“ನಿನ್ನ ವ್ಯಾನನ್ನ ನಾಳೆ ಇನ್ಯಾರೋ ಓಡಿಸಿದ ಅಂತ ಬರೀತಾರೆ, ಹಾಯಾಗಿ ಇರ್ತೀಯಾ?” ಎಂದಳು ಪ್ರೆಸ್ಸಮ್ಮ.

“ಸಂಬಳ ನನಗೇ ಕೊಡ್ತಾರೆ ಅಂದ್ರೆ ಇರ್ತೀನಿ.”

“ಇರು. ನಾನು ನಿನ್ನ ಹಾಗೆ ಹುಟ್ಟಲಿಲ್ಲ.”

ಮಗ ಮುಖ ಗಂಟಿಕ್ಕಿಕೊಂಡು ಹೊರಗೆ ಹೋದ. ದರ್ಜಿ ಇಷ್ಟು ಹೊತ್ತೂ ಸೂಜಿಗೆ ದಾರ ಹಾಕುವವನ ಹಾಗೆ ತಲೆ ತಗ್ಗಿಸಿ ಕುಳಿತಿದ್ದ. ಹೆಂಡತಿ ಅವನ ಕಡೆ ತಿರುಗಿ, ನೀವೇನಂತೀರಿ ಎಂದು ಕೇಳಿದಳು. ಇಬ್ಬರೂ ಸರಿ ಅನ್ನಿಸುತ್ತದೆ ಎಂದ. ಅಡ್ಡಗೋಡೆಯ ಮೇಲೆ ದೀಪ ಇಡೋದನ್ನ ನಿಮ್ಮಿಂದ ಕಲೀಬೇಕು ಎಂದು ಬೈಸಿಕೊಂಡ.

ಅಂದಿನಿಂದ ಮನೆಯಲ್ಲಿ ಮಾತು ಕಡಿಮೆಯಾಯಿತು. ಉಪ್ಪು ಬೇಕಾದರೆ ಸೊಸೆ ಮಾವನನ್ನು ಕೇಳುತ್ತಿದ್ದಳು, ಮಾವ ಹೆಂಡತಿಯನ್ನು ಕೇಳುತ್ತಿದ್ದ, ಉಪ್ಪಿನ ಡಬ್ಬಿ ಮೂರು ಕೈ ದಾಟಿ ಬರುತ್ತಿತ್ತು. ಬಟ್ಟೆ ಒಗೆಯುವ ದಿನ ಅತ್ತೆ ತನ್ನದನ್ನು ಬೇರೆ ಬಕೆಟಿಗೆ ಹಾಕಿಕೊಂಡಳು. ಆದರೂ ಪ್ರತಿ ಬೆಳಿಗ್ಗೆ ಸೊಸೆ ಕೆಳಗೆ ಬಂದು ಬೆರಳಿಟ್ಟು ಹೋಗುತ್ತಲೇ ಇದ್ದಳು. ಪ್ರೆಸ್ಸಮ್ಮ ಮೂರು ಸಲ ಮೇಸ್ತ್ರಿಯ ಬಳಿ ಹೋಗಿ, ನನಗೆ ಬೆರಳು ಬೇಡದ ಬೇರೆ ದಾರಿ ಮಾಡಿಕೊಡಿ ಎಂದು ಕೇಳಿದಳು. ಮೂರು ಸಲವೂ ‘ಆಮೇಲೆ’ ಎಂಬ ಉತ್ತರ ಬಂತು.

ಏಳನೇ ವಾರದ ಭಾನುವಾರ ಮಧ್ಯಾಹ್ನದ ಅಡುಗೆಗೆಂದು ದರ್ಜಿ ಬೇಳೆಯ ಡಬ್ಬಿ ಎತ್ತಿದಾಗ ಅದರ ಹಿಂದೆ ಒಂದು ಲಕೋಟೆ ಸಿಕ್ಕಿತು. ಕಾರ್ಖಾನೆಯ ಮುದ್ರೆ ಇತ್ತು, ಹೆಂಡತಿಯ ಕೆಲಸದ ನಂಬರಿತ್ತು. ಎಲ್ಲರೂ ಊಟಕ್ಕೆ ಕೂತಾಗ ಅವನು ಅದನ್ನು ತಂದು ಅವಳ ತಟ್ಟೆಯ ಪಕ್ಕದಲ್ಲಿಟ್ಟ. ನೀವು ಸತತವಾಗಿ ನಲವತ್ತೊಂದು ದಿನ ಗೈರುಹಾಜರಾಗಿದ್ದೀರಿ, ನಿಮ್ಮ ಹೆಸರನ್ನು ಕೆಲಸದ ಪಟ್ಟಿಯಿಂದ ಯಾಕೆ ತೆಗೆಯಬಾರದು ಎಂದು ಹತ್ತು ದಿನದೊಳಗೆ ಉತ್ತರ ಕೊಡಿ ಎಂದಿತ್ತು.

ಸೊಸೆ ಊಟ ಬಿಟ್ಟು ಎದ್ದು ನಿಂತಳು. ನಲವತ್ತು ದಿನ ದಾಟಿದವರಿಗೆ ಯಂತ್ರ ತಾನಾಗಿಯೇ ನೋಟೀಸು ಹೊರಡಿಸುತ್ತದೆ, ಶನಿವಾರ ಸಂಜೆ ತನ್ನ ಕೋಣೆಯ ಪ್ರಿಂಟರಿನಲ್ಲೇ ಇದೂ ಇಂಥವೇ ಇನ್ನು ಮೂರೂ ಬಂದವು, ಆ ಮೂರನ್ನು ಮೇಸ್ತ್ರಿ ತೆಗೆದುಕೊಂಡು ಹೋದ ಎಂದಳು. ಸೋಮವಾರ ಯಾರಿಗೂ ಗೊತ್ತಾಗದಂತೆ ಎಲ್ಲವನ್ನೂ ರದ್ದು ಮಾಡಿಸುತ್ತೇನೆಂದು ಅವನು ಹೇಳಿದ್ದಕ್ಕೆ ಇದನ್ನು ಬಚ್ಚಿಟ್ಟಳಂತೆ. ಹೇಳುತ್ತಾ ಹೇಳುತ್ತಾ ಅಳು ಬಂತು. ಮಗನೂ ಕಾಗದ ತೆಗೆದುಕೊಂಡು ಓದಿದ. ಬರುವುದು ಒಂದೇ ಮನೆಗೆ ಎಂಬ ಮಾತು ಅವನ ಬಾಯಿಂದ ಮತ್ತೆ ಬರಲಿಲ್ಲ.

“ಮೂವತ್ತು ವರ್ಷದಿಂದ ಅಂಗಿ ಹೊಲೀತಿದ್ದೀನಿ,” ಎಂದ ದರ್ಜಿ, ಯಾರೂ ಕೇಳದೆಯೇ. “ಕಾಲರಿನ ಒಳಗೆ ನನ್ನ ಅಂಗಡಿ ಪಟ್ಟಿ ಹೊಲೀದೆ ಒಂದನ್ನೂ ಆಚೆ ಕಳಿಸಿಲ್ಲ. ಮೊನ್ನೆ ನಾನು ಹೇಳಿದ್ದು ತಪ್ಪು. ಸರಿ ಇರೋದು ಇಬ್ಬರೂ ಅಲ್ಲ. ನಿಮ್ಮ ಅತ್ತೆ ಸರಿ.”

ಪ್ರೆಸ್ಸಮ್ಮ ಉಳಿದ ಅನ್ನವನ್ನು ನಿಧಾನವಾಗಿ ಉಂಡಳು. ಊಟ ಬಿಡುವ ಅಭ್ಯಾಸ ಅವಳಿಗಿರಲಿಲ್ಲ. ಕೈ ತೊಳೆದು ಬಂದು ಸೊಸೆಯ ಎದುರು ಕುಳಿತಳು.

“ಅಳಬೇಡ. ನಾಳೆ ನಾನು ಉತ್ತರ ಕೊಡ್ತೀನಿ. ನೀನು ಬೆರಳು ಇಡು, ಬಿಡು, ಏನು ಬೇಕಾದ್ರೂ ಹೇಳು. ಅದು ನಿನಗೆ ಬಿಟ್ಟದ್ದು. ನಾನು ಮಾತ್ರ ಪ್ರೆಸ್ ಮುಟ್ಟಲ್ಲ.”

ಸೋಮವಾರ ಎಂಟಕ್ಕೆ ಪ್ರೆಸ್ಸಮ್ಮ ಏಪ್ರನ್ ಕಟ್ಟಿಕೊಂಡು, ಪ್ರೆಸ್ಸಿನ ಸುತ್ತ ಕಸ ಗುಡಿಸಿ, ಹಳೆಯ ಹಾಜರಿ ಪುಸ್ತಕದಲ್ಲಿ ಸಹಿ ಹಾಕಿ, ತನ್ನ ಕಬ್ಬಿಣದ ಸ್ಟೂಲಿನ ಮೇಲೆ ಕೈಕಟ್ಟಿ ಕುಳಿತಳು. ಸೊಸೆ ಬಂದು ಬೆರಳಿಟ್ಟಳು. ಪ್ರೆಸ್ ಚಾಲೂ ಆಯಿತು, ಅಚ್ಚು ಕಾಯಿತು, ಅವಳು ಅಲ್ಲಾಡಲಿಲ್ಲ. ಮಧ್ಯಾಹ್ನದೊಳಗೆ ಉಂಗುರಗಳನ್ನು ತುಂಬಿಕೊಂಡು ಹೋಗಬೇಕಾದ ಲಾರಿ ಹೊರಗೆ ನಿಂತಿತ್ತು. ಅರ್ಧ ಗಂಟೆ ಕಳೆದ ಮೇಲೆ ಮೇಸ್ತ್ರಿ ಬಂದ, ಗದರಿಸಿದ, ಆಮೇಲೆ ಗೋಗರೆದ. ಪ್ರೆಸ್ಸಮ್ಮ ಜಪ್ಪಯ್ಯ ಅಂದರೂ ಮೇಲೇಳಲಿಲ್ಲ. ಇನ್ನರ್ಧ ಗಂಟೆ ಕಳೆದು ಮ್ಯಾನೇಜರೇ ಕೆಳಗಿಳಿದು ಬಂದ, ಜೊತೆಯಲ್ಲಿ ಲೆಕ್ಕ ನೋಡುವ ಕೈಪರದೆ ಹಿಡಿದ ಸೊಸೆ. ಮ್ಯಾನೇಜರ್ ಸುಮಾರು ಮೂವತ್ತೈದರ ಮನುಷ್ಯ, ಬಿಳಿಯ ಬೂಟು ಹಾಕಿಕೊಂಡಿದ್ದ, ಎಣ್ಣೆಯ ಕಲೆ ತಪ್ಪಿಸಿ ತಪ್ಪಿಸಿ ಹೆಜ್ಜೆಯಿಟ್ಟ.

“ಯಾಕಮ್ಮ, ಹುಷಾರಿಲ್ವಾ? ಪ್ರೆಸ್ ಯಾಕೆ ನಿಂತಿದೆ?”

ಪ್ರೆಸ್ಸಮ್ಮ ಲಕೋಟೆ ತೆಗೆದು ಅವನ ಕೈಗೆ ಕೊಟ್ಟಳು. “ನಾನು ಬಂದಿಲ್ಲ ಸಾರ್. ನಲವತ್ತೊಂದು ದಿನದಿಂದ ಬಂದಿಲ್ಲ ಅಂತ ನೀವೇ ಬರೆದು ಕಳಿಸಿದ್ದೀರಿ. ಇವತ್ತಿಗೆ ನಲವತ್ತೆರಡು. ಬರದೇ ಇರೋಳು ಪ್ರೆಸ್ ಹೇಗೆ ಓಡಿಸಲಿ?”

ಸುತ್ತಲಿನ ಪ್ರೆಸ್ಸುಗಳು ಒಂದೊಂದಾಗಿ ಸದ್ದು ಕಡಿಮೆ ಮಾಡಿದವು. ಮ್ಯಾನೇಜರ್ ಕಾಗದವನ್ನೂ ಅವಳನ್ನೂ ನೋಡಿದ, ಪ್ರೆಸ್ಸಿನ ಪರದೆ ನೋಡಿದ. ಪರದೆಯಲ್ಲಿ ಸೊಸೆಯ ನಂಬರಿತ್ತು. ಇದೇನೋ ತಪ್ಪಾಗಿದೆ, ಆಮೇಲೆ ವಿಚಾರಿಸೋಣ, ಈಗ ಲಾರಿ ಕಾಯುತ್ತಿದೆ ಎಂದು ಸೊಸೆಯ ಕಡೆ ತಿರುಗಿದ. ಹೇಗೂ ಈ ಪ್ರೆಸ್ಸಿನ ಅತ್ಯುತ್ತಮ ಕೆಲಸಗಾರ್ತಿ ನೀನೇ ಇದ್ದೀಯಲ್ಲ, ಇವತ್ತಿಗೆ ನೀನೇ ಓಡಿಸು ಎಂದ.

ಸೊಸೆ ಪ್ರೆಸ್ಸನ್ನು ನೋಡಿದಳು. ಆಮೇಲೆ ಅತ್ತೆಯನ್ನು. ಅತ್ತೆ ಬೇಕೆಂದೇ ಮುಖವನ್ನು ಬೇರೆ ಕಡೆ ಇಟ್ಟುಕೊಂಡಿದ್ದಳು.

“ನನಗೆ ಬರಲ್ಲ ಸಾರ್,” ಎಂದಳು. “ಒಂದು ದಿನವೂ ಓಡಿಸಿಲ್ಲ. ಇವರ ಬೆರಳನ್ನ ಯಂತ್ರ ತಗೊಳ್ಳಲಿಲ್ಲ, ನಾನು ಬೆರಳಿಟ್ಟೆ. ಅಷ್ಟೂ ದಿನ ಓಡಿಸಿದ್ದು ನಮ್ಮ ಅತ್ತೆ. ನಾನು ಬರೆದುಕೊಟ್ಟ ಕ್ರಮವೂ ಅವರು ಹೇಳಿದ್ದು.”

ಮೇಸ್ತ್ರಿ ಅಲ್ಲಿಂದಲೇ ಕೈ ತೊಳೆದುಕೊಳ್ಳಲು ನೋಡಿದ. ಇದು ಅತ್ತೆ ಸೊಸೆ ಸೇರಿ ಮಾಡಿದ ಮೋಸ, ತನಗೆ ಎಳ್ಳಷ್ಟೂ ಗೊತ್ತಿಲ್ಲ ಎಂದ. ಪ್ರೆಸ್ಸಮ್ಮ ಮೊದಲ ಸಲ ದನಿ ಏರಿಸಿದಳು. ಸೊಸೆಯ ಮೇಲೆ ಅವಳಿಗೆ ಕೋಪವಿತ್ತು ನಿಜ, ಅದು ಮನೆಯ ಕೋಪ, ಅದನ್ನು ತೀರಿಸಲು ಈ ಮನುಷ್ಯನ ಸಹಾಯ ಬೇಕಿರಲಿಲ್ಲ.

“ಇವಳನ್ನ ಮೇಲಿನಿಂದ ಕರೆಸಿ ಬೆರಳಿಡು ಅಂದವರು ನೀವು. ಇಲ್ಲೇ ನಿಂತು ಅಂದ್ರಿ.”

ನಾವೂ ಕೇಳಿದ್ದೀವಿ ಎಂದಳು ಹತ್ತನೇ ಪ್ರೆಸ್ಸಿನವಳು. ನಮ್ಮ ಬೆರಳೂ ತಗೊಳ್ಳಲ್ಲ, ನಮಗೆ ಮೇಸ್ತ್ರಿಯೇ ಬೆರಳಿಡ್ತಾರೆ ಎಂದು ಮೂರನೇ, ನಾಲ್ಕನೇ, ಏಳನೇ ಪ್ರೆಸ್ಸಿನವರೂ ದನಿಗೂಡಿಸಿದರು. ಸೊಸೆ ಕೈಪರದೆಯನ್ನು ತೆರೆದು ಮ್ಯಾನೇಜರಿಗೆ ತೋರಿಸಿದಳು. ಅದರ ಪ್ರಕಾರ ಮೇಸ್ತ್ರಿ ಏಳು ವಾರದಿಂದ ದಿನಾ ಒಂದೇ ಹೊತ್ತಿನಲ್ಲಿ ಮೂರು ಪ್ರೆಸ್ ಓಡಿಸಿದ್ದ. ಮೂರರಲ್ಲಿ ಒಂದನ್ನೂ ಅವನು ಊಟಕ್ಕೆಂದು ಬಿಟ್ಟು ಹೋಗಿರಲಿಲ್ಲ. ಯಾರೋ ಕಿಸಕ್ಕನೆ ನಕ್ಕರು, ಆಮೇಲೆ ಶೆಡ್ಡಿಗೆ ಶೆಡ್ಡೇ ನಕ್ಕಿತು. ಮ್ಯಾನೇಜರಿನ ಕಿವಿ ಕೆಂಪಗಾಯಿತು. ಒಂಬತ್ತನೇ ಪ್ರೆಸ್ಸಿನ ಕ್ರಮವನ್ನು ಹೊಗಳಿ ಅವನು ಮೇಲಿನವರಿಗೆ ವರದಿ ಕಳಿಸಿ ವಾರವಾಗಿತ್ತು.

ಅವನು ಮಾತನ್ನು ತೂಗಿ ತೂಗಿ ಆಡಿದ. ಯಾರನ್ನೂ ತೆಗೆಯುವುದಿಲ್ಲ, ಯಂತ್ರ ಬೆರಳು ಹಿಡಿಯದವರಿಗೆಲ್ಲ ಇವತ್ತೇ ಬೆರಳಿನ ಬದಲು ಕಾರ್ಡು ಕೊಡಿಸುತ್ತೇನೆ ಎಂದ. ಸೊಸೆಗೆ ತರಬೇತುದಾರಳ ಕೆಲಸ ಇಲ್ಲ, ಎಚ್ಚರಿಕೆಯ ಪತ್ರ ಬರುತ್ತದೆ, ಫೋಟೋ ಇಳಿಸುತ್ತೇವೆ ಎಂದ. ಆ ಕೆಲಸ ನಿಮಗೆ ಬೇಕೇ ಎಂದು ಪ್ರೆಸ್ಸಮ್ಮನನ್ನು ಕೇಳಿದ.

“ಮೊದಲು ನಾನು ಬಂದಿದ್ದೀನಿ ಅಂತ ಆಗಲಿ. ಆಮೇಲೆ ಕೇಳಿ. ಕೇಳಿದ್ರೂ ನಾನೊಬ್ಬಳೇ ಮಾಡಲ್ಲ. ಹೇಳೋದು ನಾನು, ಬರೆಯೋದು ಇವಳು. ಎರಡೂ ಹೆಸರು ಹಾಕಬೇಕು.”

“ಸರಿ, ನೋಡೋಣ. ಸಂಜೆಯೊಳಗೆ ಎಲ್ಲ ತಿದ್ದಿಸ್ತೀನಿ. ಈಗ ಶುರು ಮಾಡಿ.”

“ಈಗಲೇ ತಿದ್ದಿ. ನಾನು ಕೂತಿದ್ದೀನಿ, ನನಗೇನೂ ಅವಸರ ಇಲ್ಲ.”

ಲಾರಿಯವನು ಹೊರಗಿನಿಂದ ಹಾರ್ನ್ ಹೊಡೆದ. ಬೇರೆ ದಾರಿ ಇರಲಿಲ್ಲ. ಹಳೆಯ ಹಾಜರಿ ಪುಸ್ತಕ ತರಿಸಿದರು, ನಲವತ್ತೊಂದು ದಿನವೂ ಅವಳ ಸಹಿ ಅದರಲ್ಲಿತ್ತು. ಆದರೆ ಹಳೆಯ ದಾಖಲೆ ತಿದ್ದಲು ಯಂತ್ರ ಪ್ರತಿ ದಿನಕ್ಕೂ ಬೇರೆ ಬೇರೆಯಾಗಿ ಮ್ಯಾನೇಜರಿನ ಒಪ್ಪಿಗೆ ಕೇಳುತ್ತದೆ, ಹಾಗೆ ಮಾಡಿಸಿದವನೂ ಅವನೇ. ಸೊಸೆ ಒಂದೊಂದೇ ದಿನ ತೆರೆದು ನಂಬರ್ ಬದಲಿಸಿದಳು, ಅವನು ಒಂದೊಂದಕ್ಕೂ ಬೆರಳಿಟ್ಟ.

“ಗಟ್ಟಿಯಾಗಿ ಓದು,” ಎಂದಳು ಪ್ರೆಸ್ಸಮ್ಮ.

ಸೊಸೆ ಓದಿದಳು. ತಾರೀಕು, ಒಂಬತ್ತನೇ ಪ್ರೆಸ್, ಉಂಗುರ ಎಂಟುನೂರು, ಹಾಳು ಒಂದು, ಓಡಿಸಿದವರು ನಮ್ಮ ಅತ್ತೆ. ಪರದೆಯಲ್ಲಿ ನಂಬರಿತ್ತು, ಅವಳು ಓದಿದ್ದು ಹಾಗೆ. ಹತ್ತು ದಿನದ್ದು ಓದಿ ಮುಗಿಸುವಷ್ಟರಲ್ಲಿ ಅವಳ ದನಿ ಗಟ್ಟಿಯಾಯಿತು. ಇಪ್ಪತ್ತೇಳನೇ ದಿನಕ್ಕೆ ಮ್ಯಾನೇಜರ್ ಕೈ ಕೊಡವಿಕೊಂಡು, ಉಳಿದದ್ದು ಊಟ ಆದ ಮೇಲೆ ಮಾಡಬಹುದಲ್ಲ ಎಂದ. ಪ್ರೆಸ್ಸಮ್ಮ ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಉಳಿದ ಹನ್ನೊಂದು ಪ್ರೆಸ್ಸಿನ ಹೆಂಗಸರೂ ತಮ್ಮ ಕೆಲಸ ನಿಲ್ಲಿಸಿ ಕೇಳುತ್ತಿದ್ದರು, ಅವರನ್ನು ಹೋಗಿ ಎನ್ನುವ ಧೈರ್ಯ ಮೇಸ್ತ್ರಿಗೂ ಇರಲಿಲ್ಲ.

ಕೊನೆಗೆ ಮೊನ್ನೆಯ ಶನಿವಾರ ಬಂತು. “ಉಂಗುರ ಎಂಟುನೂರ ಹದಿನಾರು. ಹಾಳು ಎರಡು. ಓಡಿಸಿದವರು ನಮ್ಮ ಅತ್ತೆ.” ಮ್ಯಾನೇಜರ್ ನಿಟ್ಟುಸಿರುಬಿಟ್ಟು ಬೆರಳಿಟ್ಟ, ಆಯಿತಲ್ಲ ಎಂದ.

“ಆಗಿಲ್ಲ,” ಎಂದಳು ಪ್ರೆಸ್ಸಮ್ಮ. ಏಪ್ರನ್ನಿನ ಜೇಬಿಗೆ ಕೈ ಹಾಕಿ, ಗುಳ್ಳೆ ಎದ್ದ ಒಂದು ಉಂಗುರ ತೆಗೆದು ಅವನ ಮುಂದೆ ಹಿಡಿದಳು. “ಇವತ್ತು ಗುಡಿಸುವಾಗ ಪ್ರೆಸ್ಸಿನ ಅಡಿಯಲ್ಲಿ ಸಿಕ್ತು. ಶನಿವಾರದ್ದು. ಎರಡಲ್ಲ, ಮೂರು.”

“ಅಮ್ಮ, ಒಂದು ಉಂಗುರ ತಾನೇ. ಬಿಡಿ.”

“ಯಾಕೆ ಬಿಡ್ಲಿ? ಅದೂ ನಾನೇ ಮಾಡಿದ್ದು. ಮೂರು ಅಂತ ಹಾಕು,” ಎಂದಳು ಸೊಸೆಗೆ.

ಸೊಸೆ ಮೂರು ಎಂದು ಹಾಕಿ ಪರದೆಯನ್ನು ಮ್ಯಾನೇಜರಿನ ಮುಂದೆ ಹಿಡಿದಳು. ಅವನು ಮತ್ತೊಂದು ಸಲ ಬೆರಳಿಟ್ಟ. ಆಮೇಲೆಯೇ ಪ್ರೆಸ್ಸಮ್ಮ ಸ್ಟೂಲಿನಿಂದ ಎದ್ದದ್ದು.